ಇಪ್ಪತ್ತು ಮಿಲಿಗ್ರಾಂ: ಇಮ್ಯುನೋಥೆರಪಿ ಮತ್ತು ನಮ್ಮ ಜಿಲ್ಲೆ

(ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕ್ಯಾನ್ಸರ್ ರೋಗಿಗಳ ಮನೆಯವರು ಈಚೆಗೆ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ಸಾಹೇಬ್ರ, ಅದೇನೊ ಇಮ್ಯುನೊ ಇಂಜೆಕ್ಷನ್ ಬಂದೈತಂತಲ್ರಿ, ಅದನ್ನ ಹಾಕಿಸಿದ್ರ ನಮ್ಮಪ್ಪ ಉಳೀತಾನೇನ್ರಿ?" ಕೇಳುವವನ ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊ ಇರುತ್ತದೆ. ಮನೆಯಲ್ಲಿ ಹೊಲ ಮಾರುವ ಮಾತೂ ಅಷ್ಟೊತ್ತಿಗೆ ನಡೆದಿರುತ್ತದೆ. ಹೊರರೋಗಿ ವಿಭಾಗದ ಸಾಲಿನ ನಡುವೆ ಈ ಪ್ರಶ್ನೆಗೆ ನ್ಯಾಯವಾದ ಉತ್ತರ ಕೊಡಲು ಆಗುವುದಿಲ್ಲ. ಇವತ್ತು ನನಗೆ ಸಮಯ ಸಿಕ್ಕಿದೆ. ಆ ಮಗನಿಗೆ ಕೊಡಬೇಕಾದ ಪೂರ್ತಿ ಉತ್ತರವೇ ಇವತ್ತಿನ ನನ್ನ ಉಪನ್ಯಾಸ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕೊರೋನಾ ಬಂದುಹೋದ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಕಷಾಯ, ಗುಳಿಗೆಗಳು ಊರೂರಿಗೆ ಬಂದವು. ಇಮ್ಯುನೋಥೆರಪಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಕ್ಯಾನ್ಸರ್ ರೋಗಿಗೆ ಅಂಥ ಪುಡಿ ಕುಡಿಸುತ್ತ ಎರಡು ತಿಂಗಳು ಕಳೆದರೆ, ಕತ್ತರಿಸಿ ತೆಗೆಯಬಹುದಾಗಿದ್ದ ಗಡ್ಡೆ ಕೈಮೀರಿ ಬೆಳೆಯುತ್ತದೆ. ಇಷ್ಟು ಕಟುವಾಗಿ ಹೇಳುತ್ತಿರುವುದಕ್ಕೆ ಕಾರಣ, ಹಾಗೆ ಕಳೆದುಹೋದ ತಿಂಗಳುಗಳನ್ನು ನಾವು ದಿನಾ ಕಾಣುತ್ತೇವೆ.

ನಮ್ಮ ರಕ್ತದಲ್ಲಿ ಟಿ-ಕೋಶಗಳೆಂಬ ಕಾವಲಿನ ಕೋಶಗಳಿವೆ. ವೈರಸ್ ಹೊಕ್ಕ ಕೋಶವನ್ನೂ ಕೆಟ್ಟುಹೋದ ಕೋಶವನ್ನೂ ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಈ ಕೋಶಗಳು ಬಲಿಷ್ಠವಾದ ಎತ್ತುಗಳಿದ್ದ ಹಾಗೆ. ಅವು ಹದ ಮೀರಿ ನುಗ್ಗಬಾರದೆಂದು ದೇಹವೇ ಅವಕ್ಕೊಂದು ಮೂಗುದಾರ ಪೋಣಿಸಿದೆ. ಅಂಥ ಮೂಗುದಾರಗಳಲ್ಲಿ ಒಂದರ ಹೆಸರು ಪಿಡಿ-1, ಇನ್ನೊಂದರ ಹೆಸರು ಸಿಟಿಎಲ್‌ಎ-4. ಕ್ಯಾನ್ಸರ್ ಕೋಶ ಮಾಡುವ ಮೋಸವೆಂದರೆ, ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಬೆಳೆಸಿಕೊಂಡು, ಎದುರಿಗೆ ಬಂದ ಟಿ-ಕೋಶದ ಆ ಮೂಗುದಾರವನ್ನೇ ಹಿಡಿದು ಜಗ್ಗುತ್ತದೆ. ಎತ್ತು ನಿಂತುಬಿಡುತ್ತದೆ. ಹೊಸ ಔಷಧ ಟಿ-ಕೋಶಕ್ಕೆ ಹೆಚ್ಚಿನ ಬಲ ಕೊಡುವುದಿಲ್ಲ. ಕ್ಯಾನ್ಸರಿನ ಕೈಗೆ ಮೂಗುದಾರ ಸಿಗದಂತೆ ಮುಚ್ಚುತ್ತದೆ, ಅಷ್ಟೇ. ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಪಿಡಿ-1 ಕಂಡುಹಿಡಿಯಿತು. ಸಿಟಿಎಲ್‌ಎ-4 ತಡೆದರೆ ಇಲಿಗಳ ಗಡ್ಡೆ ಕರಗುತ್ತದೆಂದು ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲಿ ತೋರಿಸಿದರು. 2018ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂದು ಚೀಟಿಯಲ್ಲಿ ಬರೆದುಕೊಡುವ, ಪಿಡಿ-1 ಮುಚ್ಚುವ ಔಷಧಗಳು 2014ರಿಂದ ಬಳಕೆಗೆ ಬಂದವು.

ಆದರೆ ಈ ಚಿಕಿತ್ಸೆಯ ಬೇರು ಇನ್ನೂ ಹಳೆಯದು. 1891ರಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಎಂಬ ಶಸ್ತ್ರವೈದ್ಯ ಗಡ್ಡೆಯಿದ್ದ ರೋಗಿಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿ, ಜ್ವರ ಬರಿಸಿ, ದೇಹದ ಕಾವಲನ್ನು ಎಚ್ಚರಿಸಲು ನೋಡಿದ. ಅವನ ಫಲಿತಾಂಶಗಳನ್ನು ಬಹಳ ಜನ ನಂಬಲಿಲ್ಲ. ಆ ವಿಚಾರ ಮಾತ್ರ ಸಾಯಲಿಲ್ಲ. ಅದು ಗೆದ್ದು ನಿಂತದ್ದು ಎಲ್ಲಿ ಗೊತ್ತೆ? ಈ ಸಭೆಯಲ್ಲಿ ಕೂತಿರುವ ಬಹುತೇಕರ ಎಡ ತೋಳಿನ ಮೇಲೆ ಅದರ ಗುರುತಿದೆ.

ಕ್ಷಯ ಬಾರದಿರಲೆಂದು ಹಸುಗೂಸಿಗೆ ಹಾಕುವ ಬಿಸಿಜಿ ಲಸಿಕೆಯ ಮಾತು ಇದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಹದಿಮೂರು ವರ್ಷ ಪಳಗಿಸಿದ ಈ ಬ್ಯಾಕ್ಟೀರಿಯಾವನ್ನು 1921ರಲ್ಲಿ ಮೊದಲ ಸಲ ಮಗುವಿಗೆ ಕೊಡಲಾಯಿತು. ನಮ್ಮ ದೇಶಕ್ಕಾಗಿ ಮದ್ರಾಸಿನ ಗಿಂಡಿಯಲ್ಲಿ 1948ರಲ್ಲಿ ಇದರ ಪ್ರಯೋಗಾಲಯ ಶುರುವಾಯಿತು. 1976ರಲ್ಲಿ ಕೆನಡಾದ ಕಿಂಗ್‌ಸ್ಟನ್ನಿನ ಆಲ್ವಾರೊ ಮೊರಾಲೆಸ್ ಎಂಬ ಮೂತ್ರರೋಗ ತಜ್ಞರು ಇದೇ ಬಿಸಿಜಿಯನ್ನು ಮೂತ್ರಚೀಲದ ಕ್ಯಾನ್ಸರಿದ್ದ ಒಂಬತ್ತು ಜನರಿಗೆ ನಳಿಕೆಯ ಮೂಲಕ ಮೂತ್ರಚೀಲದೊಳಗೇ ಬಿಟ್ಟರು. ಮತ್ತೆ ಮತ್ತೆ ಚಿಗುರುತ್ತಿದ್ದ ಗಡ್ಡೆಗಳು ಬರುವುದು ಕಡಿಮೆಯಾಯಿತು. ಇವತ್ತಿಗೂ ಮೂತ್ರಚೀಲದ ಒಳಪದರಕ್ಕಷ್ಟೇ ಸೀಮಿತವಾದ, ಮರುಕಳಿಸುವ ಭಯವಿರುವ ಕ್ಯಾನ್ಸರಿಗೆ ಜಗತ್ತಿನಾದ್ಯಂತ ಇದೇ ಚಿಕಿತ್ಸೆ. ಗಡ್ಡೆಯನ್ನು ದುರ್ಬೀನಿನಿಂದ ಕೆರೆದು ತೆಗೆದ ಮೇಲೆ ವಾರಕ್ಕೊಂದರಂತೆ ಆರು ಸಲ ಬಿಸಿಜಿ ಬಿಟ್ಟು, ಎರಡು ತಾಸು ಮೂತ್ರ ಹಿಡಿದಿಟ್ಟುಕೊಳ್ಳಲು ಹೇಳುತ್ತಾರೆ. ನಮ್ಮ ದೇಶದಲ್ಲೇ ತಯಾರಾಗುವ ಔಷಧ ಇದು.

ಆರೇ ಸಲ ಯಾಕೆ? ಮೊರಾಲೆಸ್ ಅವರಿಗೆ ಸಿಕ್ಕ ಲಸಿಕೆ ಆರು ಸೀಸೆಗಳ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಅದಕ್ಕೆ ಆರು ವಾರ. ಅರ್ಧ ಶತಮಾನದಿಂದ ಲೋಕವೆಲ್ಲ ಅನುಸರಿಸುತ್ತಿರುವ ಲೆಕ್ಕಕ್ಕೆ ಮೂಲ ಒಂದು ರಟ್ಟಿನ ಪೆಟ್ಟಿಗೆ. ಔಷಧದ ಪ್ರಮಾಣವನ್ನು ಮನುಷ್ಯರು ಒಂದು ಕಾಲದಲ್ಲಿ, ಒಂದು ಅನುಕೂಲಕ್ಕೆ ನಿಗದಿ ಮಾಡಿರುತ್ತಾರೆ. ಸಾಕ್ಷ್ಯ ಸಿಕ್ಕರೆ ಅದನ್ನು ಬದಲಿಸಲೂಬಹುದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂತ್ರಚೀಲದ ಕ್ಯಾನ್ಸರಿನ ಮಾತು ಬಂತಲ್ಲ, ನೇಕಾರರ ಊರಾದ ಇಳಕಲ್ಲಿನಲ್ಲಿ ನಿಂತು ಇನ್ನೊಂದು ವಿಷಯ ಹೇಳದೆ ಹೋಗಲಾರೆ. ಬೀಡಿ ಸಿಗರೇಟು ಇದಕ್ಕೆ ದೊಡ್ಡ ಕಾರಣ. ಇನ್ನೊಂದು ಕಾರಣ ಕೆಲವು ಕೃತಕ ಬಣ್ಣಗಳಿಗೆ ಬಳಸುವ ರಾಸಾಯನಿಕಗಳು. ಜರ್ಮನಿಯ ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಈ ರೋಗವನ್ನು 1895ರಲ್ಲೇ ಲುಡ್ವಿಗ್ ರೇನ್ ಗುರುತಿಸಿದ್ದ. ಬೆಂಜಿಡಿನ್ ಮೂಲದ ಬಣ್ಣಗಳನ್ನು ಭಾರತ ಸರ್ಕಾರ 1990ರ ದಶಕದಲ್ಲಿ ನಿಷೇಧಿಸಿತು. ಸೀರೆ ಉಡುವವರು ಹೆದರಬೇಕಾಗಿಲ್ಲ. ನೂಲಿಗೆ ಬಣ್ಣ ಕಟ್ಟುವ ಅಣ್ಣಂದಿರು ಮಾತ್ರ ಕೈಗವಸು ಹಾಕಿಕೊಳ್ಳಬೇಕು, ಡಬ್ಬಿಯ ಮೇಲೆ ಹೆಸರಿಲ್ಲದ ಬಣ್ಣವನ್ನು ಅಗ್ಗವೆಂದು ಕೊಳ್ಳಬಾರದು. ಯಾರಿಗೇ ಆಗಲಿ, ನೋವಿಲ್ಲದೆ ಮೂತ್ರ ಕೆಂಪಗೆ ಹೋದರೆ "ಬ್ಯಾಸಿಗಿ ಐತಿ, ಹೀಟ್ ಆಗೇತಿ" ಎಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಒಂದೇ ಸಲ ಹೋಗಿ ನಿಂತಿದ್ದರೂ ಪರೀಕ್ಷೆ ಮಾಡಿಸಿ.

ಇಮ್ಯುನೋಥೆರಪಿಯಲ್ಲೇ ಬರುವ ಇನ್ನೊಂದು ಗುಂಪಿನ ಪ್ರತಿಕಾಯಗಳ (ಆಂಟಿಬಾಡಿ) ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಗುರುತಿಗೆ ಅಂಟಿಕೊಂಡು, ಅದರ ಬೆಳವಣಿಗೆ ತಡೆದು, ಕಾವಲಿನ ಕೋಶಗಳನ್ನೂ ಕರೆತರುವ ಔಷಧಗಳಿವು. ಬೆಂಗಳೂರಿನ ಬಯೋಕಾನ್ 2006ರಲ್ಲಿ ಕ್ಯೂಬಾದ ವಿಜ್ಞಾನಿಗಳೊಡನೆ ಸೇರಿ ತಲೆ-ಕತ್ತಿನ ಕ್ಯಾನ್ಸರಿಗೆ ನಿಮೊಟುಜುಮ್ಯಾಬ್ ತಂದಿತು. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್‌ನ ಅಗ್ಗದ ರೂಪಕ್ಕೆ 2013ರಲ್ಲಿ ಅದೇ ಕಂಪನಿಗೆ ಅನುಮತಿ ಸಿಕ್ಕಿತು. ಈ ಜಿಲ್ಲೆಯ ಎಷ್ಟೋ ತಾಯಂದಿರು ಇವತ್ತು ಆ ಔಷಧ ಪಡೆಯಲು ಸಾಧ್ಯವಾಗಿರುವುದು ಬೆಲೆ ಇಳಿದದ್ದರಿಂದ.

ಈಗ ಬಾಯಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಇಮ್ಯುನೋಥೆರಪಿಯ ಪ್ರಶ್ನೆ ಬಹುಮಟ್ಟಿಗೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಪ್ರಶ್ನೆ. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು. ಗಂಡಸರಲ್ಲಿ ಮೊದಲ ಸ್ಥಾನ ತುಟಿ-ಬಾಯಿಯ ಕ್ಯಾನ್ಸರಿನದು. ಕಾರಣ ಹೇಳಲು ಸಂಶೋಧಕರು ಬೇಕಿಲ್ಲ, ಹುನಗುಂದದ ಬಸ್ ನಿಲ್ದಾಣದ ಹೊರಗಿನ ಪಾನ್ ಅಂಗಡಿಯ ಮುಂದೆ ನಿಂತು ನೋಡಿದರೆ ಸಾಕು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಎಂದು ಬೇರೆ ಬೇರೆ ಮಾರತೊಡಗಿದರು. ಎರಡನ್ನೂ ಅಂಗೈಯಲ್ಲಿ ಬೆರೆಸುವ ಕೆಲಸ ಗಿರಾಕಿಯ ಪಾಲಿಗೆ ಬಂತು.

ಈ ಊರಿನವರಿಗೆ ತಂಬಾಕಿನ ಕೇಡನ್ನು ಹೊಸದಾಗಿ ಹೇಳಬೇಕಿಲ್ಲ. ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಅಪ್ಪಗಳು 1970ರ ದಶಕದಿಂದಲೇ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆ ಮನೆಗೆ, ಓಣಿ ಓಣಿಗೆ ಹೋದರು. ಕಾಳು-ಕಡಿ, ರೊಕ್ಕ ಬೇಡಲಿಲ್ಲ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಜನ ಬೀಡಿ ಕಟ್ಟು, ತಂಬಾಕಿನ ಚೀಲ, ಗುಟ್ಕಾ ಪಾಕೀಟು ಹಾಕಿ ಮಾತು ಕೊಟ್ಟರು. 2018ರಲ್ಲಿ ಅಪ್ಪಗಳು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಒಬ್ಬ ಕ್ಯಾನ್ಸರ್ ವೈದ್ಯನಾಗಿ ನಾನು ಹೇಳುವುದಿಷ್ಟು: ಇವತ್ತು ನಾನು ವಿವರಿಸುವ ಯಾವ ಔಷಧವೂ ಆ ಜೋಳಿಗೆಯಷ್ಟು ಜೀವ ಉಳಿಸಲಾರದು.

ಜೋಳಿಗೆಗೆ ಹಾಕದವರಿಗೆ ರೋಗ ಹೀಗೆ ಶುರುವಾಗುತ್ತದೆ. ಮೊದಲು ಖಾರ ತಡೆಯುವುದಿಲ್ಲ. ಆಮೇಲೆ ಬಾಯಿ ಬಿಗಿದು ಮೂರು ಬೆರಳು ನೆಟ್ಟಗೆ ಒಳಗೆ ಹೋಗುವುದಿಲ್ಲ, ಖಡಕ್ ರೊಟ್ಟಿ ಬಿಟ್ಟು ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಬರುತ್ತಾರೆ. ಕೆನ್ನೆಯ ಒಳಗೆ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು. ಈ ಹಂತದಲ್ಲಿ ಬಂದರೆ ಶಸ್ತ್ರಚಿಕಿತ್ಸೆ, ಬೇಕಾದರೆ ಜನ ಕರೆಂಟ್ ಎನ್ನುವ ವಿಕಿರಣ ಚಿಕಿತ್ಸೆ. ಬಹುಪಾಲು ಜನ ಗುಣವಾಗುತ್ತಾರೆ. ಇಮ್ಯುನೋಥೆರಪಿಯ ಮಾತೇ ಬೇಕಾಗುವುದಿಲ್ಲ. ಅದು ಮುಖ್ಯವಾಗಿ ಬೇಕಾಗುವುದು ರೋಗ ಮರಳಿ ಬಂದಾಗ, ಶಸ್ತ್ರಚಿಕಿತ್ಸೆಗೆ ಸಿಗದಷ್ಟು ಹರಡಿದಾಗ. 2025ರಲ್ಲಿ ಅಮೆರಿಕದಲ್ಲಿ ಆಪರೇಷನ್ನಿಗೆ ಮುಂಚೆಯೇ ಪೆಂಬ್ರೊಲಿಜುಮ್ಯಾಬ್ ಕೊಡುವುದಕ್ಕೂ ಅನುಮತಿ ಸಿಕ್ಕಿದೆ. ಆ ದಾರಿ ನಮ್ಮವರಿಗೆ ತೆರೆಯಲು ಇನ್ನೂ ಕಾಲ ಬೇಕು.

ಹಾಗಾದರೆ "ಉಳೀತಾನೇನ್ರಿ" ಎಂಬ ಪ್ರಶ್ನೆಗೆ ಉತ್ತರವೇನು? 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಕಿಮೊ ಸೋತ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಿಗೆ ನಿವೊಲುಮ್ಯಾಬ್ ಕೊಟ್ಟಾಗ ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 36. ಬೇರೆ ಔಷಧ ಪಡೆದವರಲ್ಲಿ ಸುಮಾರು 17. ಗಡ್ಡೆ ಕಣ್ಣಿಗೆ ಕಾಣುವಂತೆ ಕುಗ್ಗಿದ್ದು ನೂರಕ್ಕೆ 13 ಜನರಲ್ಲಿ. ಯಾರಿಗೆ ಅದು ಹಿಡಿಯುತ್ತದೋ ಅವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಬಹಳ ಜನರಿಗೆ ಹಿಡಿಯುವುದೇ ಇಲ್ಲ. ಇದ್ದ ಎರಡೆಕರೆಯನ್ನೂ ಮಾರಿ ಕೊಳ್ಳುವ ಭರವಸೆ ಇದಲ್ಲ ಎಂದು ನಾನು ಮನೆಯವರಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬೆಲೆಯ ಕಾರಣಕ್ಕೆ ನೂರರಲ್ಲಿ ಒಬ್ಬರಿಂದ ಮೂವರಿಗಷ್ಟೇ ಈ ಚಿಕಿತ್ಸೆ ಎಟುಕುತ್ತದೆ.

ಇಲ್ಲಿಂದ ಮುಂದಿನದು ನಮ್ಮ ದೇಶದ ವೈದ್ಯರ ಕೆಲಸ, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತವರ ತಂಡ ಒಂದು ನೇರವಾದ ಪ್ರಶ್ನೆ ಹಾಕಿಕೊಂಡಿತು: ಇಷ್ಟೊಂದು ಔಷಧ ನಿಜವಾಗಿ ಬೇಕೆ? ನಿವೊಲುಮ್ಯಾಬ್‌ನ ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಆದರೆ ಮೊದಮೊದಲ ಪ್ರಯೋಗಗಳಲ್ಲೇ, ಕೆಜಿ ತೂಕಕ್ಕೆ 0.3 ಮಿಲಿಗ್ರಾಂ ಕೊಟ್ಟಾಗಲೂ ರಕ್ತದ ಟಿ-ಕೋಶಗಳ ಪಿಡಿ-1 ಬಹುಪಾಲು ಮುಚ್ಚಿಹೋಗಿ ವಾರಗಟ್ಟಲೆ ಹಾಗೇ ಇರುವುದು ಕಂಡುಬಂದಿತ್ತು. ಅರವತ್ತು ಕೆಜಿಯ ಮನುಷ್ಯನಿಗೆ ಲೆಕ್ಕ ಹಾಕಿ, 18 ಮಿಲಿಗ್ರಾಂ. ಟಾಟಾ ತಂಡ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಕೊಟ್ಟಿತು. ಜೊತೆಗೆ ಮೆಥೊಟ್ರೆಕ್ಸೇಟ್, ಸೆಲಿಕಾಕ್ಸಿಬ್, ಎರ್ಲೊಟಿನಿಬ್ ಎಂಬ ಮೂರು ಬಗೆಯ ಗುಳಿಗೆ. 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಗುಳಿಗೆ ಮಾತ್ರ, ಉಳಿದರ್ಧಕ್ಕೆ ಗುಳಿಗೆಯೊಡನೆ ಈ ಪುಟ್ಟ ಇಂಜೆಕ್ಷನ್. ಒಂದು ವರ್ಷದ ಹೊತ್ತಿಗೆ ಬದುಕಿದ್ದವರು, ಗುಳಿಗೆಯ ಗುಂಪಿನಲ್ಲಿ ನೂರಕ್ಕೆ 16.3, ಇಂಜೆಕ್ಷನ್ ಸೇರಿದ ಗುಂಪಿನಲ್ಲಿ 43.4. ಈ ಫಲಿತಾಂಶ ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಪತ್ರಿಕೆಯಲ್ಲಿ ಬಂದಾಗ ಜಗತ್ತು ತಿರುಗಿ ನೋಡಿತು.

ಇದರ ಮಿತಿಯನ್ನೂ ಹೇಳಬೇಕು. ಈ ಅಧ್ಯಯನ 20 ಮಿಲಿಗ್ರಾಮನ್ನು 240ರ ಜೊತೆ ಹೋಲಿಸಲಿಲ್ಲ, ಇಂಜೆಕ್ಷನ್ ಇಲ್ಲದೆ ಗುಳಿಗೆ ಮಾತ್ರ ಸಿಗುವ ಸ್ಥಿತಿಯೊಂದಿಗೆ ಹೋಲಿಸಿತು. ಎರಡೂ ಗುಂಪಿನಲ್ಲಿ ಬಹಳ ಜನ ತೀರಿಹೋದರು. ಬದುಕಿನ ಅವಧಿಯ ಮಧ್ಯಾಂಕ 6.7 ತಿಂಗಳಿಂದ 10.1 ತಿಂಗಳಿಗೆ ಏರಿತು. ಸುಮಾರು ಮೂರೂವರೆ ತಿಂಗಳು ದೊಡ್ಡದೇ ಎಂದು ಕೇಳುವವರಿದ್ದಾರೆ. ಮಗಳ ಮದುವೆಯ ಮುಹೂರ್ತಕ್ಕೆ ತಂದೆ ಇರುತ್ತಾನೋ ಇಲ್ಲವೋ ಎಂದು ದಿನ ಎಣಿಸುವ ಮನೆಗೆ ಹೋಗಿ ಕೇಳಬೇಕು ಆ ಪ್ರಶ್ನೆಯನ್ನು.

ಲೆಕ್ಕ ಮುಂದುವರಿಸೋಣ. ರೂಢಿಯ ಪ್ರಮಾಣದಲ್ಲಿ ವರ್ಷಕ್ಕೆ 26 ಸಲ, ಅಂದರೆ 6,240 ಮಿಲಿಗ್ರಾಂ. ಕಡಿಮೆ ಪ್ರಮಾಣದಲ್ಲಿ ವರ್ಷಕ್ಕೆ ಹದಿನೇಳು ಸಲ, ಒಟ್ಟು 340 ಮಿಲಿಗ್ರಾಂ. ಹದಿನೆಂಟರಲ್ಲಿ ಒಂದು ಪಾಲು ಔಷಧ. ಚಿಕ್ಕ ಸೀಸೆಯಲ್ಲಿ 40 ಮಿಲಿಗ್ರಾಂ ಇರುತ್ತದೆ, ಇಬ್ಬರಿಗೆ ಆಗುವಷ್ಟು. ಆದರೆ ಸೀಸೆ ಒಮ್ಮೆ ಚುಚ್ಚಿದ ಮೇಲೆ ಮೂರು ವಾರ ಇಡಲು ಬರುವುದಿಲ್ಲ. ಇಬ್ಬರು ರೋಗಿಗಳು ಒಂದೇ ದಿನ ಒಂದೇ ಕಡೆ ಬಂದರೆ ಮಾತ್ರ ಅರ್ಧರ್ಧ ಹಂಚಿಕೊಳ್ಳಬಹುದು. ಒಬ್ಬನೇ ಬಂದರೆ ಅರ್ಧ ಸೀಸೆ ಚೆಲ್ಲಬೇಕು, ಖರ್ಚು ಎರಡು ಪಟ್ಟು. ನಮ್ಮ ಜಿಲ್ಲೆ ಮಾಡಬಹುದಾದ ಕೆಲಸ ಇಲ್ಲೇ ಇದೆ. ವಿಜ್ಞಾನಿಗಳು ತಮ್ಮ ಪಾಲಿನದನ್ನು ಮಾಡಿದ್ದಾರೆ. ಉಳಿದದ್ದು ವಾರ, ವೇಳೆ ಮತ್ತು ಬಸ್ಸಿನ ಲೆಕ್ಕ.

ಇನ್ನು ಹಗ್ಗ ಬಿಚ್ಚಿದ ಎತ್ತು ತನ್ನ ಹೊಲವನ್ನೇ ತುಳಿಯುವ ಪ್ರಸಂಗ. ಮೂಗುದಾರ ದೇಹ ತನ್ನ ರಕ್ಷಣೆಗೆ ಹಾಕಿಕೊಂಡದ್ದು. ಅದನ್ನು ಮುಚ್ಚಿದಾಗ ಟಿ-ಕೋಶಗಳು ಕೆಲವರಲ್ಲಿ ಕರುಳು, ಶ್ವಾಸಕೋಶ, ಲಿವರ್, ಥೈರಾಯ್ಡ್, ಅಪರೂಪಕ್ಕೆ ಹೃದಯದ ಮೇಲೂ ಬೀಳುತ್ತವೆ. ಈ ತೊಂದರೆ ಇಂಜೆಕ್ಷನ್ ಪಡೆದ ದಿನವೇ ಬರುವುದಿಲ್ಲ. ವಾರಗಳ ಮೇಲೆ, ತಿಂಗಳುಗಳ ಮೇಲೆ, ಚಿಕಿತ್ಸೆ ನಿಲ್ಲಿಸಿದ ಮೇಲೂ ಬರುತ್ತದೆ. ಅಂದರೆ ಇಂಜೆಕ್ಷನ್ ಬೆಂಗಳೂರಿನಲ್ಲಿ ಆಗಿರುತ್ತದೆ, ಭೇದಿ ಬಾದಾಮಿಯಲ್ಲಿ ಶುರುವಾಗುತ್ತದೆ. ದಿನಕ್ಕೆ ಏಳೆಂಟು ಸಲ ಭೇದಿ ಎಂದು ಬಂದವನಿಗೆ ಊರ ದವಾಖಾನಿಯಲ್ಲಿ ಸಲಾಯನ್ ಹಚ್ಚಿ, ಆಂಟಿಬಯೋಟಿಕ್ ಕೊಟ್ಟು ಕಳಿಸುವುದು ಸಹಜ. ಆದರೆ ಇದು ಸೋಂಕಿನ ಭೇದಿ ಅಲ್ಲದಿದ್ದರೆ ಅದರಿಂದ ನಿಲ್ಲುವುದಿಲ್ಲ, ಕರುಳು ತೂತಾಗುವವರೆಗೂ ಹೋಗಬಹುದು. ಅದಕ್ಕೆ ಮದ್ದು ಸ್ಟೀರಾಯ್ಡ್, ಎಲ್ಲ ಔಷಧದ ಅಂಗಡಿಯಲ್ಲೂ ಸಿಗುವ ಅಗ್ಗದ ಪ್ರೆಡ್ನಿಸೊಲೋನ್. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಬೇಗ ಶುರುಮಾಡಿ, ನಾಲ್ಕಾರು ವಾರಗಳಲ್ಲಿ ನಿಧಾನವಾಗಿ ಇಳಿಸಬೇಕು.

ಕೆಮ್ಮು, ಉಬ್ಬಸ ಬಂದರೆ ಇನ್ನೂ ಸೂಕ್ಷ್ಮ. ಎಕ್ಸ್-ರೇಯಲ್ಲಿ ಕಲೆ ಕಂಡ ಕೂಡಲೆ ನಮ್ಮ ಕಡೆ ಕ್ಷಯ ಎಂದೇ ಮನಸ್ಸು ಓಡುತ್ತದೆ, ಓಡಬೇಕು ಕೂಡ, ಯಾಕೆಂದರೆ ಕ್ಷಯವಿದ್ದವನಿಗೆ ಸ್ಟೀರಾಯ್ಡ್ ಕೊಟ್ಟರೆ ಅದು ಉಲ್ಬಣಿಸುತ್ತದೆ. ಕಫ ಪರೀಕ್ಷೆ ಅವತ್ತೇ ಆಗಬೇಕು, ಚಿಕಿತ್ಸೆ ಕೊಟ್ಟ ತಜ್ಞರಿಗೆ ಅವತ್ತೇ ಫೋನ್ ಹೋಗಬೇಕು. ವಿಪರೀತ ದಣಿವು, ತಲೆಸುತ್ತು, ಒಮ್ಮಿಂದೊಮ್ಮೆಗೆ ಏರಿದ ಸಕ್ಕರೆ ಇವನ್ನೂ "ಕ್ಯಾನ್ಸರ್ ಅಂದಮ್ಯಾಲ ಇರೂದ" ಎಂದು ಬಿಡಬಾರದು. ಮುಂದಿನ ಸಾಲಿನಲ್ಲಿ ಕೂತಿರುವ ತಾಲ್ಲೂಕಿನ ವೈದ್ಯ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ: ಕ್ಯಾನ್ಸರ್ ರೋಗಿ ಯಾವ ತೊಂದರೆಗೇ ಬರಲಿ, ಹೆಸರಿನ ಕೊನೆಯಲ್ಲಿ "ಮ್ಯಾಬ್" ಎಂದಿರುವ ಇಂಜೆಕ್ಷನ್ ಕಳೆದ ಒಂದು ವರ್ಷದಲ್ಲಿ ಆಗಿದೆಯೇ ಎಂದು ಚೀಟಿ ತೆಗೆಸಿ ನೋಡಿ.

ವಿಡಿಯೊಗಳಲ್ಲಿ ಕಾಣುವ ಕಾರ್-ಟಿ ಚಿಕಿತ್ಸೆಯನ್ನು ಕೇಳುವವರಿಗೆ ಎರಡು ಮಾತು. ರೋಗಿಯ ಟಿ-ಕೋಶಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಅವುಗಳ ಜೀನ್ ತಿದ್ದಿ, ಕ್ಯಾನ್ಸರನ್ನು ಗುರುತಿಸುವ ಕಣ್ಣು ಕೊಟ್ಟು ಮರಳಿ ಹಾಕುವ ವಿಧಾನ ಇದು. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ತಂಡ ಟಾಟಾ ಆಸ್ಪತ್ರೆಯೊಡನೆ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಲೋಕಾರ್ಪಣೆ ಮಾಡಿದರು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಇನ್ನೊಂದನ್ನು ತಂದಿತು. ದೊಡ್ಡ ಸಾಧನೆ, ನಿಜ. ಆದರೆ ಇವು ಕೆಲವು ಬಗೆಯ ರಕ್ತ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರಿಗೆ ಮಾತ್ರ. ಬಾಯಿಯ ಗಡ್ಡೆಗೆ ಅಲ್ಲ. ಬೆಲೆ ಹೊರದೇಶಕ್ಕಿಂತ ಬಹಳ ಕಡಿಮೆಯಾದರೂ ಹತ್ತಾರು ಲಕ್ಷ ರೂಪಾಯಿ.

ಕೊನೆಯದಾಗಿ ನನ್ನ ಬೇಡಿಕೆ. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಮರುಕಳಿಸಿದ ಬಾಯಿ ಕ್ಯಾನ್ಸರಿಗೆ ಈ 20 ಮಿಲಿಗ್ರಾಮಿನ ಚಿಕಿತ್ಸೆ ಜಿಲ್ಲೆಯಲ್ಲೇ, ಓಡಾಟವಿಲ್ಲದೆ ಮಂಜೂರಾಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕಿಮೊಥೆರಪಿ ಕೇಂದ್ರ ತೆರೆಯುವ ಕೆಲಸವನ್ನು ರಾಜ್ಯ 2025ರಲ್ಲಿ ಕೈಗೆತ್ತಿಕೊಂಡಿದೆ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ, ಜಿಲ್ಲಾ ಆಸ್ಪತ್ರೆ ಇದೆ. ಎಲ್ಲಾದರೂ ಒಂದು ಕಡೆ, ಮೂರು ವಾರಕ್ಕೊಮ್ಮೆ, ಗೊತ್ತುಮಾಡಿದ ಒಂದೇ ದಿನ ಇಡೀ ಜಿಲ್ಲೆಯ ರೋಗಿಗಳನ್ನು ಕರೆಯಲಿ. ಸೀಸೆ ಹಂಚಿಕೊಳ್ಳಲು ಕ್ರಿಮಿರಹಿತ ಕ್ಯಾಬಿನೆಟ್, ತರಬೇತಾದ ಒಬ್ಬ ಫಾರ್ಮಸಿಸ್ಟ್, ಇಬ್ಬರು ನರ್ಸಮ್ಮಂದಿರು ಬೇಕು. ಬಾದಾಮಿಯವರಿಗೆ ರೈಲಿದೆ. ರೈಲಿಲ್ಲದ ಹುನಗುಂದ, ಇಳಕಲ್ಲಿನವರು ಬೆಳಿಗ್ಗೆಯ ಬಸ್ಸಿಗೆ ಹೊರಟರೂ ಸಂಜೆಗೆ ಮನೆ ಸೇರುತ್ತಾರೆ. ಹೊರಡುವಾಗ ಪ್ರತಿಯೊಬ್ಬರ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಕಾರ್ಡು ಕೊಡಬೇಕು: ಔಷಧದ ಹೆಸರು, ಕೊಟ್ಟ ತಾರೀಖು, ಭೇದಿ ಅಥವಾ ಕೆಮ್ಮು ಬಂದರೆ ಸ್ಥಳೀಯ ವೈದ್ಯರು ಮಾಡಬೇಕಾದ ಪರೀಕ್ಷೆ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರು.

ಈ ಕಾರ್ಡಿನ ಕರಡನ್ನು ನಾನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ವೈದ್ಯ ಮಿತ್ರರು ಓದಿ ತಿದ್ದಬೇಕು, ಆಶಾ ಕಾರ್ಯಕರ್ತೆಯರು ಅದರ ಭಾಷೆ ಮನೆಮಂದಿಗೆ ತಿಳಿಯುವಂತಿದೆಯೇ ನೋಡಿ ಹೇಳಬೇಕು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.